ಗೆಳೆಯನಿಗೆ ಕೊಟ್ಟ ಗಾಡಿ ಅಪಘಾತವಾದಾಗ



ಕೊಟ್ಟೂರಿನ ತೇರಿಗೆ, ಮೈಲಾರದ ಕಾರಣಿಕಕ್ಕೆ, ಮದುವೆಗೆ, ದವಾಖಾನೆಗೆ ಅಂತ ನಮ್ಮ ಊರುಗಳಲ್ಲಿ ಗಾಡಿ ಕೇಳುವುದು, ಕೊಡುವುದು ಇದ್ದದ್ದೇ. "ಹಿಂಗ ಹೋಗಿ ಹಂಗ ಬರ್ತೀನಿ, ಕೀಲಿ ಕೊಡು" ಅಂದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆ ಗಾಡಿ ಎಲ್ಲೋ ಡಿಕ್ಕಿ ಹೊಡೆದರೆ ಭಾರ ಯಾರದು? ಓಡಿಸಿದವರದು ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆರ್.ಸಿ.ಯಲ್ಲಿ ಹೆಸರಿರುವವರನ್ನೂ ಕಾನೂನು ಕೇಳುತ್ತದೆ. ಸಂಘದ ಸಾಲದಲ್ಲಿ ತಂದ ಬೈಕೋ ಕಾರೋ ನಿಮ್ಮ ಹೆಸರಿನಲ್ಲಿದ್ದರೆ, ನೀವು ಅದನ್ನು ಒಂದು ದಿನವೂ ಓಡಿಸದಿದ್ದರೂ ಕೋರ್ಟಿನ ನೋಟೀಸು ನಿಮಗೇ ಬರುತ್ತದೆ.

ಸುದ್ದಿ ಬಂದಾಗ ಗಾಡಿಯ ಚಿಂತೆ ಆಮೇಲೆ, ಗಾಯಗೊಂಡವರ ಜೀವ ಮೊದಲು. 108ಕ್ಕೆ ಫೋನ್ ಮಾಡಿರಿ, ಪೊಲೀಸ್ ಠಾಣೆಗೆ ತಿಳಿಸಿರಿ. 2025ರ ಮೇ ತಿಂಗಳಿನಲ್ಲಿ ಬಂದ ಕೇಂದ್ರ ಸರ್ಕಾರದ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನ, 1.5 ಲಕ್ಷ ರೂ.ವರೆಗೆ ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆ. ವಿಮಾ ಕಂಪನಿಗೆ ಅದೇ ದಿನ ತಿಳಿಸುವುದು ಮಾಲೀಕರ ಕೆಲಸ. ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮೇಲೆ ಹೇಳಿದರೆ ಹಣ ಬರುವುದು ಕಷ್ಟ.

ಈ ಗಡಿಬಿಡಿಯಲ್ಲಿ ಯಾರಾದರೊಬ್ಬರು ಉಪಾಯ ಹೇಳಿಯೇ ಹೇಳುತ್ತಾರೆ: "ಅವಂಗ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇದ್ದೋರ ಹೆಸರು ಬರೆಸ್ರಿ." ದಯವಿಟ್ಟು ಒಪ್ಪಬೇಡಿ. ಆಸ್ಪತ್ರೆಯ ದಾಖಲೆಯಲ್ಲಿ, ನೋಡಿದವರ ಬಾಯಲ್ಲಿ ನಿಜ ಹೊರಗೆ ಬರುತ್ತದೆ. ಆಗ ವಿಮೆಯೂ ಹೋಗುತ್ತದೆ, ಸುಳ್ಳು ಹೇಳಿದ್ದಕ್ಕೆ ಬೇರೆ ಕೇಸೂ ಬೀಳುತ್ತದೆ.

ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಎದುರಿನವರಿಗೆ ಪರಿಹಾರ ಸಿಗುತ್ತದೆ, ನಿಮ್ಮ ಗಾಡಿ ರಿಪೇರಿಗೆ ಒಂದು ಪೈಸೆಯೂ ಇಲ್ಲ. ಲೈಸೆನ್ಸ್ ಇಲ್ಲದವರಿಗೆ ಗೊತ್ತಿದ್ದೂ ಕೊಟ್ಟಿದ್ದರೆ, ಕಂಪನಿ ಎದುರಿನವರಿಗೆ ಕೊಟ್ಟ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಇನ್ನು ಓಡಿಸಿದವರು 18 ತುಂಬದ ಹುಡುಗರಾದರೆ, 2019ರ ತಿದ್ದುಪಡಿಯಂತೆ ಮಾಲೀಕರಿಗೆ, ಹುಡುಗನ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ. ಹುಡುಗರ ಕೈಗೆ ಕೀಲಿ ಕೊಟ್ಟು "ಜಾಣ ಆಗ್ಯಾನ" ಅಂತ ಹಿಗ್ಗುವ ತಂದೆತಾಯಿಯರಿಗೆ ಇದನ್ನು ಓದಿ ಹೇಳಿರಿ.

ಗಾಡಿ ಕೇಳಿ ಪಡೆದವರ ಮನೆಯ ಕಷ್ಟವೂ ಸಣ್ಣದಲ್ಲ. ನಮ್ಮ ಕೂಡ್ಲಿಗಿಯ ಮೇಲೆ ಹೋಗುವ ಹೆದ್ದಾರಿಯೇ ಮುಂದೆ ಕುಷ್ಟಗಿ, ಇಳಕಲ್ ಕಡೆ ಹೋಗುತ್ತದೆ. ಅಲ್ಲಿ ಒಬ್ಬರು ಬೇರೆಯವರ ಬೈಕು ಕೇಳಿ ಪಡೆದು ತಮ್ಮೂರಿಗೆ ಹೊರಟಿದ್ದರು. ಮುಂದಿದ್ದ ಎತ್ತಿನ ಬಂಡಿ ತಟ್ಟನೆ ನಿಂತು, ಅದಕ್ಕೆ ಬಡಿದು ತೀರಿಕೊಂಡರು. ಮನೆಯವರು ಪರಿಹಾರ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಎರವಲು ಪಡೆದು ಓಡಿಸಿದವರು ಮಾಲೀಕರ ಜಾಗದಲ್ಲಿ ನಿಂತ ಹಾಗೆ, ಆದ್ದರಿಂದ ಅವರು ಕೇಳಿದ ಆ ಕಲಮಿನಡಿ ಗಾಡಿಯ ವಿಮೆಯಿಂದ ಹಣ ಬರುವುದಿಲ್ಲ. ಬೇರೆ ಕಲಮಿನಲ್ಲಿ ದಾರಿ ಇದೆಯೇ ನೋಡಿರಿ ಎಂದು ಹೈಕೋರ್ಟಿಗೆ ವಾಪಸ್ ಕಳಿಸಿತು. ವಿಮೆಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆಯೂ ಮಾಲೀಕರೇ ಓಡಿಸುತ್ತಿದ್ದಾಗ ಮಾತ್ರ.

ನಮಗೆ ಹೆಚ್ಚು ನೋವಾಗುವುದು ಸಂಘದ ಒಳಗಿನ ಒಡಕು. ಗಾಡಿ ಕೊಟ್ಟವರ ಹೆಂಡತಿ, ಓಡಿಸಿದವರ ಹೆಂಡತಿ ಒಂದೇ ಜಮಖಾನೆ ಮೇಲೆ ಕೂಡುವವರು. ಗಂಡಂದಿರ ಜಗಳಕ್ಕೆ ಇವರ ಮಾತು ನಿಲ್ಲುತ್ತದೆ, ಒಬ್ಬರು ಕಂತು ಕಟ್ಟುವುದನ್ನು ಬಿಡುತ್ತಾರೆ. ಸಾಲ ತೆಗೆದವರು ಕಂತು ಕಟ್ಟಲೇಬೇಕು, ಗಾಡಿ ಮೂಲೆಗೆ ಬಿದ್ದಿದೆ ಎಂದು ಅದು ನಿಲ್ಲದು. ರಿಪೇರಿ ಖರ್ಚಿನ ಮಾತು ಬೇರೆ. ಗ್ಯಾರೇಜಿನ ಬಿಲ್ಲು ಎದುರಿಗಿಟ್ಟು, ವಿಮೆಯಿಂದ ಬಂದದ್ದು ಕಳೆದು, ಉಳಿದದ್ದರಲ್ಲಿ ಯಾರು ಎಷ್ಟು, ಯಾವ ತಿಂಗಳು ಅಂತ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಲಿ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಪಾಲು ಓಡಿಸಿದವರದೇ. ಆದರೆ ಅವರು ಕಾಲು ಮುರಿದುಕೊಂಡು ಮಲಗಿದ್ದರೆ ಕೂಲಿ ಶುರುವಾಗುವ ತನಕ ತಡೆಯಬೇಕು. ಗಾಯವಾದವರು, ಜೀವ ಹೋದವರು ಇದ್ದರೆ ಮಾತ್ರ ಊರ ಪಂಚಾಯ್ತಿಯಲ್ಲಿ ರಾಜಿ ಬೇಡ.

ಅಂಥ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕೆಂದು 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ. ತಾಲೂಕು ಕೋರ್ಟಿನಲ್ಲಿ ವಿಚಾರಿಸಿರಿ, ಅಥವಾ 15100ಕ್ಕೆ ಫೋನ್ ಮಾಡಿರಿ. ಹೋಗುವಾಗ ಆರ್.ಸಿ., ವಿಮೆಯ ಕಾಗದ, ಎಫ್.ಐ.ಆರ್. ನಕಲು ಕೈಯಲ್ಲಿರಲಿ.