ಕುಡಿಯುವ ನೀರಿನ ರೋಗಾಣುವಿಗೆ ಅಯಸ್ಕಾಂತದ ಗಾಳ

ಸಮೇತನಹಳ್ಳಿ (ಹೊಸಕೋಟೆ ತಾಲ್ಲೂಕು): ಸಮೇತನಹಳ್ಳಿಯಂತಹ ಊರಿನ ನಲ್ಲಿ ನೀರನ್ನು ಇಂದು ಶೀಶೆಗೆ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿದರೆ, ಅದರಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಇದೆಯೇ ಎಂಬ ಉತ್ತರ ದೊರೆಯುವುದು ನಾಳೆಯೋ ನಾಡಿದ್ದೋ. ಅಷ್ಟರಲ್ಲಿ ಊರಿನವರು ಆ ನೀರನ್ನು ಕುಡಿದಾಗಿರುತ್ತದೆ.

ಈ ವಿಳಂಬ ಸಣ್ಣ ಸಂಗತಿಯಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜೀವಗಳನ್ನು ಬಲಿ ಪಡೆಯಿತು. ಅದೇ ಡಿಸೆಂಬರ್‌ನಲ್ಲಿ ಹೊಸಕೋಟೆಯಲ್ಲಿ ದೇವಸ್ಥಾನದ ಪ್ರಸಾದ ಸೇವಿಸಿದ ಬಳಿಕ ಅನೇಕರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು; ಮಹಿಳೆಯೊಬ್ಬರು ಮೃತಪಟ್ಟರು.

ಪರೀಕ್ಷೆ ತಡವಾಗುವುದೇಕೆ? ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇ-ಕೋಲೈ ಬ್ಯಾಕ್ಟೀರಿಯಾ ಒಂದೂ ಪತ್ತೆಯಾಗಕೂಡದು. ಮಿಲಿಮೀಟರಿನ ಸಾವಿರದಲ್ಲೊಂದೆರಡು ಪಾಲಿನಷ್ಟಿರುವ ಜೀವಿಯನ್ನು ಅಷ್ಟು ನೀರಿನಲ್ಲಿ ಹುಡುಕುವುದು ಸುಲಭವಲ್ಲ. ಆದ್ದರಿಂದ ಅದಕ್ಕೆ ಆಹಾರವಿತ್ತು, ಬೆಚ್ಚಗಿಟ್ಟು, ಕಣ್ಣಿಗೆ ಕಾಣುವಷ್ಟು ಸಂತತಿ ಬೆಳೆಯುವವರೆಗೆ ಕಾಯುತ್ತಾರೆ. ಗ್ರಾಮಗಳಲ್ಲಿ ಬಳಸುವ, ನೀರು ಕಪ್ಪಾದರೆ ಕಲುಷಿತವೆಂದು ತಿಳಿಸುವ ಹೈಡ್ರೋಜನ್ ಸಲ್ಫೈಡ್ ಶೀಶೆಗೂ 24ರಿಂದ 48 ಗಂಟೆ ಬೇಕು.

ಬೆಳೆಸುವ ಬದಲು ಇದ್ದಷ್ಟನ್ನೇ ಒಂದೆಡೆ ಸೇರಿಸಿದರೆ? ಅಯಸ್ಕಾಂತೀಯ ನ್ಯಾನೋಕಣಗಳು ಮಾಡುವುದು ಇದನ್ನೇ. ಇವು ಬಹುತೇಕ ಕಬ್ಬಿಣದ ಆಕ್ಸೈಡಿನ ಕಣಗಳು. ಗಾತ್ರ ಸುಮಾರು 20 ನ್ಯಾನೋಮೀಟರಿಗಿಂತ ಕಿರಿದಾದಾಗ ಇವುಗಳಿಗೆ ವಿಚಿತ್ರ ಗುಣವೊಂದು ಬರುತ್ತದೆ: ಅಯಸ್ಕಾಂತ ಹತ್ತಿರವಿದ್ದರೆ ಸೆಳೆಯಲ್ಪಡುತ್ತವೆ, ದೂರ ಸರಿಸಿದರೆ ಅಂಟಿಕೊಳ್ಳದೆ ಮತ್ತೆ ನೀರಿನಲ್ಲಿ ಹರಡುತ್ತವೆ. ಕಣದ ಮೈಗೆ ನಿರ್ದಿಷ್ಟ ಬ್ಯಾಕ್ಟೀರಿಯಾವನ್ನು ಗುರುತಿಸುವ ಪ್ರತಿಕಾಯವನ್ನು ಲೇಪಿಸಿ ನೀರಿಗೆ ಬಿಟ್ಟರೆ ಅದು ರೋಗಾಣುವಿಗೆ ಅಂಟುತ್ತದೆ. ಶೀಶೆಯ ಪಕ್ಕಕ್ಕೆ ಅಯಸ್ಕಾಂತ ಹಿಡಿದು ನೀರನ್ನು ಚೆಲ್ಲಿದರೆ ಉಳಿಯುವುದು ಕಣ ಮತ್ತು ಅದಕ್ಕೆ ಸಿಕ್ಕಿಬಿದ್ದ ರೋಗಾಣು. ಇಷ್ಟರಿಂದಲೇ ಉತ್ತರ ಸಿಗುವುದಿಲ್ಲ; ಪಿಸಿಆರ್ ಅಥವಾ ಬಣ್ಣ ಬದಲಿಸುವ ರಾಸಾಯನಿಕ ಕ್ರಿಯೆಯಿಂದ ಅದನ್ನು ಗುರುತಿಸಬೇಕು.

ವಿಧಾನ ತೀರಾ ಹೊಸದೇನಲ್ಲ. ಆಹಾರದಲ್ಲಿ ಇ-ಕೋಲೈ ಒ157 ಹುಡುಕಲು ಇದಕ್ಕಿಂತ ದೊಡ್ಡ ಅಯಸ್ಕಾಂತೀಯ ಮಣಿಗಳ ಬಳಕೆಯನ್ನು 2001ರಲ್ಲೇ ಐಎಸ್‌ಒ ಮಾನಕ ಸೇರಿಸಿಕೊಂಡಿತ್ತು. 2003ರಲ್ಲಿ ಹಾಂಗ್‌ಕಾಂಗ್‌ನ ವಿಜ್ಞಾನಿಗಳು ವ್ಯಾಂಕೊಮೈಸಿನ್ ಲೇಪಿತ ಕಬ್ಬಿಣ-ಪ್ಲಾಟಿನಂ ನ್ಯಾನೋಕಣಗಳಿಂದ ಮಿಲಿಲೀಟರಿಗೆ ಹತ್ತರ ಆಸುಪಾಸಿನಷ್ಟು ವಿರಳವಾದ ಬ್ಯಾಕ್ಟೀರಿಯಾವನ್ನೂ ಸೆರೆಹಿಡಿದರು.

ಆದರೆ ಈ ಲೆಕ್ಕವನ್ನು ಓದುಗರು ತಾಳೆ ನೋಡಬೇಕು. ಮಿಲಿಲೀಟರಿಗೆ ಹತ್ತು ಎಂದರೆ 100 ಮಿಲಿಲೀಟರಿಗೆ ಸಾವಿರ; ನಮ್ಮ ಮಾನಕ ಕೇಳುವುದು ಸೊನ್ನೆಯನ್ನು. 'ನಿಮಿಷಗಳಲ್ಲಿ ಫಲಿತಾಂಶ' ಎಂಬ ಪ್ರಚಾರ ಕಂಡಾಗ ಎಷ್ಟು ನೀರನ್ನು ಪರೀಕ್ಷಿಸಲಾಯಿತು ಎಂದು ಕೇಳುವುದು ಒಳ್ಳೆಯದು. ಮತ್ತೊಂದು ತೊಡಕೂ ಇದೆ. ಪ್ರತಿಕಾಯಕ್ಕೆ ಸತ್ತ ಬ್ಯಾಕ್ಟೀರಿಯಾ, ಬದುಕಿರುವ ಬ್ಯಾಕ್ಟೀರಿಯಾ ಎಂಬ ಭೇದ ತಿಳಿಯದು. ಕ್ಲೋರಿನ್ ಹಾಕಿ ಶುದ್ಧಗೊಳಿಸಿದ ನೀರೂ ಅಪಾಯಕಾರಿ ಎಂದು ತೋರಬಹುದು. ಪ್ರತಿಕಾಯ ದುಬಾರಿ, ಅದನ್ನು ಶೀತಲದಲ್ಲಿಡಬೇಕು. ಮಣ್ಣು ಬೆರೆತ ನೀರಿನಲ್ಲಿ ಕಣಗಳ ಕೆಲಸವೂ ಕುಂಠಿತ.

ಸದ್ಯಕ್ಕೆ ಪಂಚಾಯ್ತಿಯ ನೀರುಗಂಟಿಗೆ ನಿಮಿಷಗಳಲ್ಲಿ ಉತ್ತರ ಕೊಡುವುದು ಕ್ಲೋರಿನ್ ಪರೀಕ್ಷೆ ಮಾತ್ರ. ಕ್ಲೋರಿನ್ ಹಾಕಿದ ನೀರು ನಲ್ಲಿ ತಲುಪಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದಿಲ್ಲದಿದ್ದರೆ ಪ್ರಯೋಗಾಲಯದ ವರದಿಗೆ ಕಾಯದೆ ನೀರನ್ನು ಕುದಿಸಿ ಕುಡಿಯಬೇಕು.