ಒಂದು ಸೋತರೆ ಮನೆಗೇನು? ಗುಂಪಿನಾಟದ ಲೆಕ್ಕವೂ ನಮ್ಮ ತಾಲ್ಲೂಕು ಕೂಟವೂ

ಸಿರಸಂಗಿ: ಕಾಳಿಕಾದೇವಿ ಗುಡಿಯ ಈ ಊರಿಗೂ ಥಾಯ್ಲೆಂಡ್ ದೇಶದ ಚಿಯಾಂಗ್ ಮಾಯ್ ಪಟ್ಟಣಕ್ಕೂ ಎತ್ತಣ ಸಂಬಂಧ ಅಂತ ಓದುಗರು ಕೇಳಬಹುದು. ಇರೋದು ಲೆಕ್ಕದ ಸಂಬಂಧ. ಕಿರಾಣಿ ಅಂಗಡಿಯವರಿಗೆ ಬೇಗ ತಿಳಿಯುತ್ತದೆ, ಬಸ್ಸಿನಲ್ಲಿ ನಿಂತು ಓದುವವರಿಗೆ ಸವದತ್ತಿ ಬರುವುದರೊಳಗೆ ತಿಳಿಯುತ್ತದೆ.

2025ರ ಜೂನ್-ಜುಲೈ ತಿಂಗಳಲ್ಲಿ ಚಿಯಾಂಗ್ ಮಾಯ್‌ನಲ್ಲಿ ಮಹಿಳೆಯರ ಏಷ್ಯಾ ಕಪ್ ಫುಟ್‌ಬಾಲಿನ ಅರ್ಹತಾ ಪಂದ್ಯಗಳು ನಡೆದವು. ಗುಂಪಿನಲ್ಲಿ ಐದು ತಂಡ: ಭಾರತ, ಥಾಯ್ಲೆಂಡ್, ಇರಾಕ್, ಮಂಗೋಲಿಯಾ, ಟಿಮೋರ್ ಲೆಸ್ಟೆ. ಪ್ರತಿ ತಂಡಕ್ಕೂ ನಾಲ್ಕು ಪಂದ್ಯ. ಮೊದಲ ಸ್ಥಾನದವರಿಗೆ ಮಾತ್ರ ಆಸ್ಟ್ರೇಲಿಯಾದ ಟಿಕೀಟು, ಉಳಿದ ನಾಲ್ವರೂ ಮನೆಗೆ. ಜೂನ್ 23ರಂದು ನಮ್ಮವರು ಮಂಗೋಲಿಯಾಕ್ಕೆ ಹೊಡೆದದ್ದು 13 ಗೋಲು. ಒಡಿಶಾದ ಪ್ಯಾರಿ ಕ್ಸಾಕ್ಸಾ ಒಬ್ಬಳೇ ಐದು.

ಹದಿಮೂರು! ಬಿದ್ದವರ ಮ್ಯಾಲೆ ಅಷ್ಟು ಬಡಿಯೂದು ಬೇಕಿತ್ತೇನ್ರಿ ಅನ್ನುವವರಿದ್ದಾರೆ. ಬೇಕಿತ್ತು. ಯಾಕೆ ಅಂತ ತಿಳಿಯಬೇಕಾದರೆ ಜುಲೈ 5ರ ರಾತ್ರಿಯ ಕಡೇ ಪಂದ್ಯಕ್ಕೆ ಬರಬೇಕು. ಅಷ್ಟೊತ್ತಿಗೆ ಭಾರತ ಟಿಮೋರ್ ಲೆಸ್ಟೆಗೆ 4-0, ಇರಾಕಿಗೆ 5-0 ಹೊಡೆದಿತ್ತು. ಜಮಾ 22, ಖರ್ಚು ಸೊನ್ನೆ. ಅತ್ತ ಥಾಯ್ಲೆಂಡಿನವರ ವಹಿ ತೆಗೆದರೆ ಅಲ್ಲೂ ಮೂರು ಗೆಲುವು, 9 ಅಂಕ, ಜಮಾ 22, ಖರ್ಚು ಸೊನ್ನೆ! ಎರಡು ಅಂಗಡಿಯ ದೀಪಾವಳಿ ಲೆಕ್ಕ ಒಂದು ಪೈಸಾ ಹೆಚ್ಚುಕಡಿಮೆ ಇಲ್ಲದೆ ತಾಳೆಯಾದ ಹಾಗೆ.

ಭಾರತದ ಹುಡುಗಿಯರು ಮಂಗೋಲಿಯಾಕ್ಕೆ ಐದಾರು ಗೋಲು ಹೊಡೆದು, ಸಾಕು ಪಾಪ ಅಂತ ಕೈಬಿಟ್ಟಿದ್ದರೆ ಏನಾಗುತ್ತಿತ್ತು? ಕಡೇ ಪಂದ್ಯ ಡ್ರಾ ಆದರೂ ಗೋಲಿನ ಬಾಕಿಯ ಮೇಲೆ ಥಾಯ್ಲೆಂಡ್ ಪಾಸು. ಬಾಕಿ ಸಮ ಇದ್ದದ್ದರಿಂದ ಡ್ರಾ ಆದರೆ ಪೆನಾಲ್ಟಿ ಒದೆತಕ್ಕೆ ಹೋಗಬೇಕಿತ್ತು. ತಮ್ಮದೇ ಊರಿನ ಮೈದಾನ, ತಮ್ಮದೇ ಜನ, ಪಟ್ಟಿಯಲ್ಲಿ ಭಾರತಕ್ಕಿಂತ ಎಷ್ಟೋ ಮೇಲಿನ ಸ್ಥಾನ ಇದ್ದರೂ ಥಾಯ್ಲೆಂಡಿನವರು ಬಾಗಿಲು ಹಾಕಿಕೊಂಡು ಕೂಡುವ ಹಾಗಿರಲಿಲ್ಲ.

ಮೊದಲರ್ಧದಲ್ಲಿ ಬಂಗಾಳದ ಸಂಗೀತಾ ಬಾಸ್ಫೋರ್ ಒಂದು ಗೋಲು ಹೊಡೆದಳು. ವಿರಾಮ ಮುಗಿದ ಕೂಡಲೇ ಥಾಯ್ಲೆಂಡ್ ಸಮ ಮಾಡಿತು. ಅಲ್ಲಿಂದ ಮುಂದೆ ಸುಮಾರು ಅರ್ಧ ತಾಸು 1-1. ಆ ಅರ್ಧ ತಾಸಿನಲ್ಲಿ ಭಾರತವನ್ನು ಹಿಡಿದು ನಿಲ್ಲಿಸಿದ್ದು ಹನ್ನೆರಡು ದಿನ ಹಿಂದೆ ಹೊಡೆದ ಹದಿಮೂರು ಗೋಲು ಅಂತ ನನ್ನ ಲೆಕ್ಕ. ನೋಡಿದವರು ಅದನ್ನು ಬರೇ ಮೋಜು ಅಂದುಕೊಂಡಿದ್ದರು. 74ನೇ ನಿಮಿಷಕ್ಕೆ ಅದೇ ಸಂಗೀತಾ ಎರಡನೆಯದು ಹೊಡೆದಳು. 2-1. ಅರ್ಹತಾ ಪಂದ್ಯ ಆಡಿ, ಗೆದ್ದು, ಭಾರತದ ಮಹಿಳೆಯರು ಏಷ್ಯಾ ಕಪ್ಪಿಗೆ ಹೋದದ್ದು ಅದೇ ಮೊದಲು.

ಇದರಲ್ಲಿ ಕರ್ನಾಟಕದ ಮಣ್ಣೂ ಸ್ವಲ್ಪ ಇದೆ. ಹೋಗುವ ಮುಂಚೆ ಮೇ ತಿಂಗಳಿಂದ ತಂಡದ ಶಿಬಿರ ನಡೆದದ್ದು ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ. ಅಲ್ಲಿ ಉಜ್ಬೇಕಿಸ್ತಾನದ ಎದುರು ಎರಡು ಸ್ನೇಹ ಪಂದ್ಯ ಆಡಿ ಎರಡನ್ನೂ ಸೋತಿದ್ದರು. ಇನ್ನೂ ಹಿಂದಕ್ಕೆ ಹೋದರೆ, 1980ರ ಸುಮಾರಿಗೆ ಕೇರಳದ ಕಲ್ಲಿಕೋಟೆಯಲ್ಲಿ ಏಷ್ಯಾ ಮಹಿಳಾ ಕೂಟ ನಡೆದಾಗ ಭಾರತ ಎರಡು ತಂಡ ಇಳಿಸಿತ್ತು, ಒಂದು ಫೈನಲ್ಲಿಗೂ ಹೋಗಿ ತೈವಾನಿಗೆ ಸೋತಿತ್ತು. ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತಕ್ಕಾಗಿ ಆಡಿದ್ದು ಆ ಕಾಲದಲ್ಲೇ. ಆಮೇಲೆ ನಾವೆಲ್ಲ ಮರೆತೆವು.

ಹದಿಮೂರು ಅನ್ನುವ ಅಂಕಿಗೆ ಇನ್ನೊಂದು ಕಥೆಯೂ ಇದೆ. ಅದು ಸಿಹಿ ಕಥೆಯಲ್ಲ. 2022ರ ಜನವರಿಯಲ್ಲಿ ಏಷ್ಯಾ ಕಪ್ ನಮ್ಮ ದೇಶದಲ್ಲೇ ನಡೆಯಿತು. ಆತಿಥೇಯರು ಅಂತ ನಮಗೆ ನೇರ ಪ್ರವೇಶ. ಜನವರಿ 20ರಂದು ನವಿ ಮುಂಬಯಿಯಲ್ಲಿ ಇರಾನಿನ ಮೇಲೆ 0-0. ಎರಡನೇ ಪಂದ್ಯ 23ಕ್ಕೆ, ಚೈನೀಸ್ ತೈಪೆ ಮೇಲೆ. ಅವತ್ತು ತಂಡದೊಳಗೆ ಕೊರೋನಾ ಹೊಕ್ಕಿತ್ತು. ನಿಯಮದ ಪ್ರಕಾರ ಕನಿಷ್ಠ 13 ಮಂದಿ ಇರಬೇಕು, ಅಷ್ಟು ಜನ ನಿಲ್ಲಲಿಲ್ಲ. ಭಾರತ ಕೂಟದಿಂದಲೇ ಹೊರಗೆ. ಆಡಿ ಮುಗಿಸಿದ್ದ ಇರಾನ್ ಪಂದ್ಯವನ್ನೂ ಪಟ್ಟಿಯಿಂದ ಹೊಡೆದುಹಾಕಿದರು. ತೊಂಬತ್ತು ನಿಮಿಷ ಬೆವರು ಸುರಿಸಿದ್ದಕ್ಕೆ ಲೆಕ್ಕದಲ್ಲಿ ಒಂದು ಗೆರೆಯೂ ಇಲ್ಲ. ಸೋಲಿಗಾದರೂ ಒಂದು ಮರ್ಯಾದೆ ಇರುತ್ತದೆ. ಇದಕ್ಕೆ ಏನನ್ನಬೇಕು?

ಅದೇ ವರ್ಷ ಅಕ್ಟೋಬರಿನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪೂ ಭಾರತಕ್ಕೆ ಬಂತು. ನಮ್ಮ ಮಕ್ಕಳು ಭುವನೇಶ್ವರದಲ್ಲಿ ಅಮೆರಿಕಕ್ಕೆ 0-8, ಮೊರಾಕ್ಕೋಕ್ಕೆ 0-3, ಬ್ರೆಜಿಲ್‌ಗೆ 0-5. ಮೂರು ಪಂದ್ಯ, 16 ಗೋಲು ಕೊಟ್ಟದ್ದು, ಒಂದೂ ಹೊಡೆದಿಲ್ಲ. ಆದರೂ ಎಂಟು ಗೋಲು ತಿಂದ ಮೂರನೇ ದಿನಕ್ಕೆ ಆ ಮಕ್ಕಳು ಮತ್ತೆ ಬೂಟು ಕಟ್ಟಿ ಇಳಿದರಲ್ಲ, ಮೂರೇ ಗೋಲು ಕೊಟ್ಟರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ಆ ವಿಶ್ವಕಪ್ಪಿನ ಒಂದು ಮೈದಾನ ಗೋವಾದ ಮಡಗಾಂವಿಯ ಫಾತೋರ್ಡಾ. ಬೆಳಗಾವಿಯಿಂದ ನೋಡಿದರೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಘಟ್ಟ ಇಳಿದರೆ ಸಿಕ್ಕಿತು. ಅಲ್ಲಿ ಮೊದಲ ಪಂದ್ಯ ಆಡಿದ ತಂಡಗಳಲ್ಲಿ ಆಫ್ರಿಕಾದ ಟಾಂಜಾನಿಯಾ ಒಂದು. ಜಪಾನಿನ ಕೈಲಿ 0-4 ಸೋತಿತು. ನಾಕೌಟ್ ಆಗಿದ್ದರೆ ಅವತ್ತೇ ಗಂಟುಮೂಟೆ. ಗುಂಪಿನಾಟ ಆದ್ದರಿಂದ ಉಳಿಯಿತು, ಫ್ರಾನ್ಸಿಗೆ 2-1 ಹೊಡೆಯಿತು, ಕೆನಡಾ ಮೇಲೆ 1-1 ಮಾಡಿತು, ಕ್ವಾರ್ಟರ್ ಫೈನಲ್ಲಿಗೇ ಹೋಗಿಬಿಟ್ಟಿತು. ಫ್ರಾನ್ಸೂ ಕೆನಡಾವೂ ಮನೆಗೆ. ನಾಲ್ಕು ಗೋಲಿನ ಸೋಲಿನ ಮೇಲೆ ಆ ಹುಡುಗಿಯರನ್ನು ಅಳೆದಿದ್ದರೆ ಅವರು ಏನೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ನಮ್ಮ ಕಡೆ ಬರೋಣ. ಶಾಲೆಗಳ ತಾಲ್ಲೂಕು ಮಟ್ಟದ ಕ್ರೀಡಾಕೂಟ ನೋಡಿದವರಿಗೆ ಗೊತ್ತು. ಕಬಡ್ಡಿ ಇರಲಿ, ಖೋ ಖೋ ಇರಲಿ, ವಾಲಿಬಾಲ್ ಇರಲಿ, ಹೆಚ್ಚಿನ ಕಡೆ ನಾಕೌಟೇ. ಹುಡುಗಿಯರು ನಸುಕಿನಲ್ಲೆದ್ದು ಬುತ್ತಿ ಕಟ್ಟಿಕೊಂಡು, ಮನೆಯಲ್ಲಿ ಹತ್ತು ಮಾತು ಕೇಳಿ ಬಸ್ಸು ಹತ್ತುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಟಿಕೀಟಿನ ಚಿಂತೆ ಇಲ್ಲ, ಖರೆ. ಆದರೆ ಅಷ್ಟು ದೂರ ಹೋಗಿ ಮುಕ್ಕಾಲು ತಾಸು ಆಡಿ, ಸೋತು, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವರ ವರ್ಷದ ಆಟ ಮುಗಿದಿರುತ್ತದೆ. ಮುಂದಿನ ವರ್ಷ ಮನೆಯವರು ಕಳಿಸುತ್ತಾರೋ ಇಲ್ಲೋ. ಒಂದು ಆಟದಲ್ಲಿ ಆ ಮಗು ಏನು ಕಲಿಯಿತು, ಆರಿಸುವವರು ಏನು ಕಂಡರು?

ಎಂಟು ತಂಡ ಬಂದವು ಅನ್ನಿ. ನಾಕೌಟಿನಲ್ಲಿ ಒಟ್ಟು ಏಳು ಪಂದ್ಯ, ನಾಲ್ಕು ತಂಡ ಒಂದೊಂದೇ ಆಟಕ್ಕೆ ಮನೆಗೆ. ಅವನ್ನೇ ನಾಲ್ಕು ನಾಲ್ಕರ ಎರಡು ಗುಂಪು ಮಾಡಿದರೆ ಗುಂಪಿಗೆ ಆರರಂತೆ ಹನ್ನೆರಡು ಪಂದ್ಯ, ಎರಡು ಸೆಮಿ, ಒಂದು ಫೈನಲ್, ಒಟ್ಟು ಹದಿನೈದು. ಎಲ್ಲರಿಗೂ ಕನಿಷ್ಠ ಮೂರು ಆಟ. ಎರಡು ಅಂಕಣ ಹಾಕಿ, ಒಂದು ಆಟಕ್ಕೆ ಮುಕ್ಕಾಲು ತಾಸು ಹಿಡಿದರೆ ಒಟ್ಟು ಆರು ತಾಸಿನ ಕೆಲಸ. ನಾಕೌಟ್ ಮೂರು ತಾಸಿಗೆ ಮುಗಿಯುತ್ತದೆ. ಹೆಚ್ಚಾದದ್ದು ಮೂರೇ ತಾಸು.

ತೊಡಕಿಲ್ಲ ಅಂತಲ್ಲ. ಫೈನಲ್ ಮುಟ್ಟಿದ ಹುಡುಗಿ ಒಂದೇ ದಿನ ಐದು ಆಟ ಆಡಬೇಕಾದೀತು, ಅದು ಮೈಗೆ ಭಾರ. ಎರಡು ದಿನಕ್ಕೆ ಹಂಚಿದರೆ ಊಟದ ಖರ್ಚು, ಪಂಚರ ಭತ್ಯೆ, ಮಾಸ್ತರರ ತಲೆನೋವು. ಹಾಗಿದ್ದರೂ ಗುಂಪಿನ ಆಟಗಳನ್ನು ಹತ್ತಕ್ಕೆ ಶುರು ಮಾಡಿದರೆ ಮಧ್ಯಾಹ್ನ ಎರಡೂವರೆಗೆ ಮುಗಿದವು. ಸೆಮಿ, ಫೈನಲ್ ಮರುದಿನಕ್ಕೆ ಇಟ್ಟರೆ ಆ ದಿನ ನಾಲ್ಕೇ ತಂಡ ಬರಬೇಕು. ಉಳಿದವರು ಬೆಳಕಿರುವಾಗಲೇ ಸಿರಸಂಗಿ, ಮುನವಳ್ಳಿ ಬಸ್ಸು ಹಿಡಿಯಬಹುದು.

ವೇಳಾಪಟ್ಟಿ ಬರೆಯುವುದು ನಮ್ಮ ದೈಹಿಕ ಶಿಕ್ಷಕರೇ, ದಿಲ್ಲಿಯಿಂದ ಯಾರೂ ಬರುವುದಿಲ್ಲ. ಮುಂದಿನ ಕೂಟಕ್ಕೆ ಹುಡುಗಿಯರ ಒಂದೇ ಒಂದು ಆಟವನ್ನಾದರೂ ಹೀಗೆ ಬರೆದು ನೋಡಲಿ. ಅಂಗಡಿಕಾರರು ಮನಸ್ಸು ಮಾಡಿದರೆ ಎರಡನೇ ದಿನದ ನಾಲ್ಕು ತಂಡಕ್ಕೆ ಅವಲಕ್ಕಿ-ಬಾಳೆಹಣ್ಣು ಏನೂ ದೊಡ್ಡ ಖರ್ಚಲ್ಲ.