ಕಪಾಟಿನೊಳಗಿನ ದನಿಗಳು ಮೌನವಾಗುವ ಮುನ್ನ

ಸಕಲ ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೂವನ್ನಿರಿಸಿ ಮೇಣದಬತ್ತಿ ಬೆಳಗಿಸುತ್ತೇವೆ. ಅಗಲಿದವರ ಮುಖವನ್ನು ಭಾವಚಿತ್ರ ನೆನಪಿಸುತ್ತದೆ. ಅವರ ದನಿ ಮಾತ್ರ ವರ್ಷಗಳುರುಳಿದಂತೆ ಕಿವಿಯಿಂದ ಜಾರಿಹೋಗುತ್ತದೆ. ಬೀದರ್ ನಗರ, ಭಾಲ್ಕಿ, ಔರಾದ್‌ಗಳ ನಮ್ಮ ಕುಟುಂಬಗಳ ಕಪಾಟುಗಳಲ್ಲಿ ಆ ದನಿ ಇನ್ನೂ ಅಡಗಿರಬಹುದು. ವಿವಾಹ, ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದ ಸ್ವೀಕಾರಗಳ ಹಳೆಯ ವಿಡಿಯೋ ಕ್ಯಾಸೆಟ್‌ಗಳೇ ಅದರ ನೆಲೆ.

ನಮ್ಮ ಮನೆಯಲ್ಲೂ ಅಂಥದೊಂದು ಕ್ಯಾಸೆಟ್ ಇತ್ತು. ತಾಯಿಯವರು ನವದಂಪತಿಗಳ ತಲೆಯ ಮೇಲೆ ಕೈಯಿರಿಸಿ ಆಶೀರ್ವದಿಸಿದ ಮಾತುಗಳು ಅದರಲ್ಲಿದ್ದವು. ಬಹುವರ್ಷಗಳ ಬಳಿಕ ಆತುರದಿಂದ ಯಂತ್ರಕ್ಕೆ ಹಾಕಿದೆವು. ಬೂಷ್ಟು ಹಿಡಿದಿದ್ದ ಪಟ್ಟಿ ಸಿಕ್ಕಿಕೊಂಡು ಹರಿಯಿತು. ಆ ಆಶೀರ್ವಾದದ ಅರ್ಧಭಾಗ ಮಾತ್ರ ಉಳಿಯಿತು. ತಪ್ಪು ನಮ್ಮದೇ. ಇತರರಿಗೆ ಹಾಗಾಗದಿರಲೆಂಬುದೇ ಈ ಬರಹದ ಉದ್ದೇಶ.

ಕ್ಯಾಸೆಟ್ ಹಾಳಾಗುವುದೇಕೆ? ತೆಳುವಾದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಾಂತೀಯ ಕಣಗಳನ್ನು ಅಂಟಿನಿಂದ ಕೂರಿಸಲಾಗಿರುತ್ತದೆ. ಗಾಳಿಯ ತೇವವು ಆ ಅಂಟನ್ನು ನಿಧಾನವಾಗಿ ಶಿಥಿಲಗೊಳಿಸುತ್ತದೆ. ಬಿಸಿ ಆ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆ, ಅದರ ಬೆನ್ನಿಗೇ ಬರುವ ಮಳೆಗಾಲ ಎರಡೂ ಅದಕ್ಕೆ ಶತ್ರುಗಳು. ಯಂತ್ರಗಳೂ ವಿರಳವಾಗಿವೆ. ಜೆವಿಸಿ ಸಂಸ್ಥೆ 1976ರಲ್ಲಿ ಪರಿಚಯಿಸಿದ ವಿಎಚ್‌ಎಸ್ ಮಾದರಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. 2025ರ ಸುಮಾರಿಗೆ ಇಂಥ ಪಟ್ಟಿಗಳನ್ನು ಓದುವುದೇ ದುಸ್ತರವಾಗಲಿದೆಯೆಂದು ಯುನೆಸ್ಕೋ 2019ರಲ್ಲೇ ಎಚ್ಚರಿಸಿತ್ತು.

ಆದುದರಿಂದ ಕಾಯುವುದು ತರವಲ್ಲ. ಮೊದಲು ಕ್ಯಾಸೆಟ್‌ನ ಗಾಜಿನಂಥ ಕಿಟಕಿಯಲ್ಲಿ ಇಣುಕಿ ನೋಡಿರಿ. ಬಿಳಿಯ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕದೆ ಅನುಭವಿಗಳಿಗೆ ಒಪ್ಪಿಸಿರಿ. ಕ್ಯಾಸೆಟ್ ಚೆನ್ನಾಗಿದ್ದರೆ, ಅಕಸ್ಮಾತ್ ಹೊಸ ಮುದ್ರಣವಾಗದಂತೆ ಅದರ ಬೆನ್ನಿನ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿಯಿರಿ. ಪ್ಲೇಯರ್‌ಗೂ ಕಂಪ್ಯೂಟರ್‌ಗೂ ನಡುವೆ ಪರಿವರ್ತಕ ಸಾಧನವೊಂದನ್ನು ಜೋಡಿಸಿ ಡಿಜಿಟಲ್ ಕಡತ ಮಾಡಿಕೊಳ್ಳಬಹುದು. 3 ಗಂಟೆಯ ಕ್ಯಾಸೆಟ್‌ಗೆ 3 ಗಂಟೆಯೇ ಬೇಕು, ಇಲ್ಲಿ ಅಡ್ಡದಾರಿಯಿಲ್ಲ. ಕಡತವನ್ನು ಕೊನೆಯವರೆಗೆ ನೋಡಿ, ದನಿ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಿರಿ. ಬಳಿಕವೂ ಮೂಲವನ್ನು ಎಸೆಯದಿರಿ.

ಇನ್ನು ಸಂರಕ್ಷಣೆ. ತಿಳಿದವರು ಹೇಳುವ ನಿಯಮ ಸರಳ: 3 ಪ್ರತಿಗಳು, 2 ಬಗೆಯ ಸಾಧನಗಳು, 1 ಪ್ರತಿ ಬೇರೆ ಊರಿನಲ್ಲಿ. ಬೀದರಿನ ಮನೆಯಲ್ಲೊಂದು ಹಾರ್ಡ್ ಡಿಸ್ಕ್, ಭಾಲ್ಕಿಯ ಸೋದರಿಯ ಬಳಿ ಇನ್ನೊಂದು, ಔರಾದಿನ ಬಂಧುಗಳಲ್ಲಿ ಪೆನ್ ಡ್ರೈವ್ ಇದ್ದರೆ ನಿಯಮ ಪಾಲಿಸಿದಂತಾಯಿತು. ಆದರೆ ಡಿಸ್ಕ್‌ಗಳೂ ಅಮರವಲ್ಲ. ವರ್ಷಕ್ಕೊಮ್ಮೆ ತೆರೆದು ಪರೀಕ್ಷಿಸಿ, ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ವರ್ಗಾಯಿಸಬೇಕು.

ಒಂದೇ ಕಡೆ ಕೂಡಿಟ್ಟುದರ ಪಾಡನ್ನು ನಮ್ಮ ಊರೇ ಬಲ್ಲುದು. 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನರ ಮದ್ರಸಾದ ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. 17ನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟ ಆ ಕಟ್ಟಡದ ಒಂದು ಭಾಗವನ್ನು ಕೆಡವಿತು. ಇಂದು ಗೋಡೆಗಳುಂಟು, ಗ್ರಂಥಗಳಿಲ್ಲ.

ದೀಕ್ಷಾಸ್ನಾನದ ದಾಖಲೆಗಳನ್ನು ಜತನವಾಗಿ ಕಾಪಾಡಬೇಕೆಂದು ಧರ್ಮಸಭೆಯ ಕಾನೂನೇ ವಿಧಿಸುತ್ತದೆ. ಚಲನಚಿತ್ರಗಳ ಸಂಗ್ರಹಕ್ಕಾಗಿ ಸಂತ 23ನೆಯ ಜಾನ್ ಅವರು 1959ರಲ್ಲಿ ವ್ಯಾಟಿಕನ್ ಫಿಲ್ಮ್ ಲೈಬ್ರರಿಯನ್ನು ಸ್ಥಾಪಿಸಿದರು. ಕುಟುಂಬವೂ ಒಂದು ಕಿರು ಧರ್ಮಸಭೆಯಲ್ಲವೇ?

ಬರುವ ಭಾನುವಾರ ಬಲಿಪೂಜೆಯ ಬಳಿಕ ಮನೆಯ ಹಿರಿಯರನ್ನು ಕೂರಿಸಿಕೊಂಡು, ಚಿತ್ರದಲ್ಲಿರುವವರು ಯಾರು, ಅದು ಯಾವ ವರ್ಷವೆಂದು ಕೇಳಿ ಬರೆದಿಡೋಣ. ಹೆಸರಿಲ್ಲದ ಮುಖ ಮೊಮ್ಮಕ್ಕಳಿಗೆ ಅಪರಿಚಿತರದೇ. ಹೇಳಬಲ್ಲವರು ಇಂದು ನಮ್ಮೊಡನಿದ್ದಾರೆ.